ಉದಾಹರಣೆಯ ಮುದುಕಿ

ಮಳವಳ್ಳಿಯಲ್ಲಿ ನಡೆದ ಒಂದು ಬೀಗರ ಊಟದಲ್ಲಿ ಚಲುವರಾಜುವನ್ನು ಅವನ ಷಡ್ಡಕ ನಾಗರಾಜು ಎಲ್ಲರೆದುರಿಗೆ 'ಮ್ಯಾಗ್ನಾನಿಮಸ್' ಎಂದು ಕರೆದ. ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಚಲುವರಾಜುವೂ ನಕ್ಕ. ನಕ್ಕು, ಮೂಳೆಯೊಂದನ್ನು ಎಲೆಯ ಅಂಚಿಗೆ ಸರಿಸಿ, "ನೀವೇನ್ ಕಮ್ಮಿ ಇಲ್ಲ ಬುಡಿ" ಎಂದ. ಹೊಗಳಿದರೋ ಬೈದರೋ ತಿಳಿಯದಿದ್ದಾಗ ಎರಡಕ್ಕೂ ಒಗ್ಗುವ ಉತ್ತರ ಅದೊಂದೇ. ಆದರೆ ಮದ್ದೂರಿನ ಬಸ್ಸು ಹತ್ತಿದ ಮೇಲೆ ಅವನಿಗೆ ನೆಮ್ಮದಿ ಉಳಿಯಲಿಲ್ಲ. ಆ ಮಾತು ಹೇಳುವಾಗ ನಾಗರಾಜುವಿನ ಮುಖ ಹೇಗಿತ್ತು ಎಂದು ಭಾರತೀನಗರ ದಾಟುವವರೆಗೂ ಹೆಂಡತಿ ರೂಪಳನ್ನು ಕೇಳುತ್ತಲೇ ಇದ್ದ. ಭಾವನ ಬಾಯಿತುಂಬ ಬೋಟಿ ಇತ್ತು, ಮುಖ ಗೊತ್ತಾಗಲಿಲ್ಲ ಎಂದು ಅವಳು ಹೇಳಿದಳು.

ಚಲುವರಾಜು ಸೋಮನಹಳ್ಳಿಯ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮದ್ದೂರಿನ ಅಂಚಿನ ಬೀದಿಯಲ್ಲಿ ಮನೆ. ಮನೆಯಲ್ಲಿ ಹೆಂಡತಿ, ಮತ್ತು ತಾಯಿ ಮುದ್ದಮ್ಮ. ಮಾರನೆಯ ದಿನ ಫೋನಿನಲ್ಲಿ ಆ ಪದ ಹುಡುಕೋಣವೆಂದರೆ ಅದು ಯಾವ ಅಕ್ಷರದಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಅವನಿಗೆ ತಿಳಿಯದು. ಬೇರೆಯವರನ್ನು ಕೇಳಿದರೆ ಮರ್ಯಾದೆ ಹೋಗುತ್ತದೆ. ಕೊನೆಗೆ, ಒಂದು ಪದಕ್ಕೆ ಇಷ್ಟು ಒದ್ದಾಡುವ ಬದಲು ಇಡೀ ಭಾಷೆಯನ್ನೇ ಕಲಿತುಬಿಡುವುದು ಸುಲಭ ಎಂದು ತೀರ್ಮಾನಿಸಿ, ಕಾರ್ಖಾನೆಯ ಲಾರಿ ಡ್ರೈವರೊಬ್ಬ ತೋರಿಸಿದ, ಇಂಗ್ಲಿಷ್ ಕಲಿಸುವ ವಾಟ್ಸಾಪ್ ಗುಂಪೊಂದಕ್ಕೆ ಸೇರಿಕೊಂಡ. ದೊಡ್ಡ ನಿರ್ಧಾರಗಳನ್ನು ಮನುಷ್ಯ ಸಾಮಾನ್ಯವಾಗಿ ಹೀಗೆಯೇ ತೆಗೆದುಕೊಳ್ಳುತ್ತಾನೆ.

ಗುಂಪನ್ನು ನಡೆಸುತ್ತಿದ್ದವರನ್ನು ಎಲ್ಲರೂ 'ಸರ್' ಎನ್ನುತ್ತಿದ್ದರು. ಅವರ ಹೆಸರಾಗಲಿ ಊರಾಗಲಿ ಯಾರಿಗೂ ಗೊತ್ತಿರಲಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಬೆಳಗಿನ ಜಾವಕ್ಕೆ ಸರಿಯಾಗಿ ಅವರ ದನಿ ಬರುತ್ತಿತ್ತು. ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಅವರನ್ನು ಎಬ್ಬಿಸಬಾರದು ಎಂಬಂಥ ಮೆತ್ತನೆಯ ದನಿ. ಮೊದಲು ಪದ, ಆಮೇಲೆ ಕನ್ನಡದಲ್ಲಿ ಅದರ ಅರ್ಥ, ಆಮೇಲೆ ಒಂದು ಉದಾಹರಣೆ ವಾಕ್ಯ. ಕೊನೆಗೆ ದಿನವೂ ಒಂದೇ ಸೂಚನೆ: ವಾಕ್ಯದಲ್ಲಿರುವ ಅಪರಿಚಿತರನ್ನು ಏಳಿಸಿ, ಅವರ ಜಾಗದಲ್ಲಿ ನಿಮಗೆ ಗೊತ್ತಿರುವವರನ್ನು ಕೂರಿಸಿ, ಗಟ್ಟಿಯಾಗಿ ಮೂರು ಸಲ ಹೇಳಿ. ಆಗ ಪದ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಗಟ್ಟಿಯಾಗಿ ಹೇಳಲು ಮನೆಯೊಳಗೆ ರೂಪ ಬಿಡಲಿಲ್ಲ. ಹೀಗಾಗಿ ಚಲುವರಾಜು ಬೀದಿ ನಲ್ಲಿಯ ಹತ್ತಿರ, ಬೇವಿನ ಕಡ್ಡಿ ಅಗಿಯುತ್ತ ನಿಂತು ಹೇಳತೊಡಗಿದ. ನೀರು ಬರುವ ಹೊತ್ತದು. ಗದ್ದೆಗಳ ಕಡೆಯಿಂದ ಮಂಜು ಬೀದಿಯೊಳಕ್ಕೆ ಬಂದು ಮೊಣಕಾಲೆತ್ತರ ನಿಂತಿರುತ್ತಿತ್ತು. ಬಿಂದಿಗೆ ಇಟ್ಟು ಕಾದಿದ್ದ ಹೆಂಗಸರಿಗೆ ಅವನ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ನಡುವೆ ತಮ್ಮ ಬೀದಿಯವರ ಹೆಸರುಗಳು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದವು.

ಮೊದಲು ಬಂದ ಪದ 'ಡಿಲ್ಯಾಪಿಡೇಟೆಡ್', ಎಂದರೆ ಶಿಥಿಲವಾದ. ಉದಾಹರಣೆಯಲ್ಲಿ ಯಾವನೋ ರೈತನ ಶಿಥಿಲವಾದ ಗೋಡೆ ಬಿದ್ದುಹೋಗುತ್ತಿತ್ತು. ಚಲುವರಾಜು ರೈತನನ್ನು ಏಳಿಸಿ ಎದುರುಮನೆಯ ಲಿಂಗಯ್ಯನನ್ನು ಕೂರಿಸಿದ. ಮೂರು ಸಲ ಹೇಳಿ, ಬಾಯಿ ಮುಕ್ಕಳಿಸಿ, ಕೆಲಸಕ್ಕೆ ಹೋದ. ಎಲೆಯೂ ಅಲುಗದ ಅಂದಿನ ಮಧ್ಯಾಹ್ನ ಲಿಂಗಯ್ಯನ ಕಾಂಪೌಂಡು ಗೋಡೆ ದಣಿದವರು ಕೂರುವಂತೆ ಮೆಲ್ಲಗೆ ಬೀದಿಗೆ ಕೂತುಬಿಟ್ಟಿತು. ಅದು ವರ್ಷಗಳಿಂದ ವಾಲಿಕೊಂಡೇ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಅಂದು ಯಾರೂ ನೆನೆಸಿಕೊಳ್ಳಲಿಲ್ಲ.

ಆಮೇಲಿನ ಪದ 'ವ್ಯಾನಿಶ್', ಕಣ್ಮರೆಯಾಗು. ಪಕ್ಕದ ಮನೆಯ ವನಜಾಳ ಕೋಳಿ ಕಣ್ಮರೆಯಾಯಿತು ಎಂದು ಚಲುವರಾಜು ಮೂರು ಸಲ ಹೇಳಿದ. ಸಂಜೆಗೆ ಕೋಳಿ ಇರಲಿಲ್ಲ. ಒಂದು ಪುಕ್ಕವೂ ಸಿಗಲಿಲ್ಲ. ನಾಯಿಯೋ ಮುಂಗುಸಿಯೋ ತಿಂದಿದ್ದರೆ ಪುಕ್ಕವಾದರೂ ಬೇಡವೇ ಎಂದು ವನಜಾ ಬೀದಿಯಲ್ಲಿ ನಿಂತು ಕೇಳಿದಳು. ಅವಳ ಮಗಳು ಅರ್ಪಿತ ಭಾರತೀನಗರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಅಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವಳೂ ಇದ್ದಳು. ಚಲುವಮಾವ ಹೇಳಿದ್ದು ಇಂಥದ್ದು ಎಂದು ಅವಳು ಕನ್ನಡಕ್ಕೆ ತಂದು ಹೇಳಿದಾಗ ಬೀದಿಯವರೆಲ್ಲ ಚಲುವರಾಜುವಿನ ಮನೆಯ ಜಗಲಿಯ ಕಡೆ ತಿರುಗಿದರು.

ಈ ಸೀಮೆಯಲ್ಲಿ ಒಂದು ನಡಾವಳಿಯಿದೆ. ಬೆಳಕು ಮಬ್ಬಾಗಿರುವ ಹೊತ್ತಿನಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡುವುದಿಲ್ಲ, ಎರಡನೆಯದಕ್ಕೂ ಇಲ್ಲ. ಕರೆಯುತ್ತಿರುವುದು ಮನುಷ್ಯನಲ್ಲದಿದ್ದರೆ ಅದು ಎರಡಕ್ಕೇ ನಿಲ್ಲುತ್ತದಂತೆ. ಮೂರನೆಯ ಸಲವೂ ಕರೆದರೆ ಮಾತ್ರ, ಎದ್ದು ಹೋಗಿ ಬಾಗಿಲು ತೆಗೆಯಲೇಬೇಕು. ಮುದ್ದಮ್ಮ ಜಗಲಿಯ ಮೇಲೆ ಕೂತು, ಅಡಕೆ ಕತ್ತರಿಸುತ್ತ, ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದಳು.

"ಮೂರ್ ಸಲ ಕರ್ದವ್ನೆ. ಗೋಡೆ ಓಗೊಡ್ತು, ಕೋಳಿ ಓಗೊಡ್ತು. ಇದ್ರಲ್ಲೇನ್ ಬಂತು ಆಶ್ಚರ್ಯ."

ಇದಾದ ಮೇಲೆ ನಲ್ಲಿಯ ಹತ್ತಿರ ಚಲುವರಾಜು ಬಾಯಿ ತೆರೆದರೆ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಳ್ಳತೊಡಗಿದರು. ವಾಕ್ಯ ಮೂರನೆಯ ಸಲ ಮುಗಿಯುತ್ತಿದ್ದಂತೆ ಬೀದಿಯ ನಾಯಿಗಳೂ ಸುಮ್ಮನಾಗುತ್ತಿದ್ದವು ಎಂದು ಲಿಂಗಯ್ಯ ಆಣೆ ಮಾಡಿ ಹೇಳುತ್ತಿದ್ದ. ಗೋಡೆ ಹೋದ ಮೇಲೆ ಅವನಿಗೆ ಬೀದಿ ಚೆನ್ನಾಗಿ ಕಾಣುತ್ತಿತ್ತು.

ಆದರೆ ಹೆದರಿಕೆ ಇದ್ದ ಕಡೆ ಆಸೆಯೂ ಹುಟ್ಟಿತು. ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ಅನಂತರಾಮು ತಾಲ್ಲೂಕು ಕಚೇರಿಯ ಗುಮಾಸ್ತರು, ಓದಿಕೊಂಡವರು. ಒಂದು ಭಾನುವಾರ ಅವರು ಬಾಳೆಹಣ್ಣಿನ ಚಿಪ್ಪಿನೊಂದಿಗೆ ಬಂದು ಕೂತು, ತಮಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು. ಆಮೇಲೆ ದನಿ ತಗ್ಗಿಸಿದರು.

"ಮಂಡ್ಯಕ್ಕೆ ವರ್ಗ ಕೇಳಿ ಕೇಳಿ ಸಾಕಾಗಿದೆ, ಚಲುವರಾಜು. ಅದಕ್ಕೆ ಹೊಂದುವಂಥ ಪದ ಏನಾದರೂ ಬಂದರೆ ನನ್ನನ್ನು ಮರೆಯಬೇಡಿ."

ಪದ ಆರಿಸುವುದು ತನ್ನ ಕೈಯಲ್ಲಿಲ್ಲ, ಎಲ್ಲ ಸರ್ ಅವರದು ಎಂದು ಚಲುವರಾಜು ಗಂಭೀರವಾಗಿ ಹೇಳಿದ. ಆ ವಾರವೇ 'ರಿಲೊಕೇಟ್' ಎಂಬ ಪದ ಬಂತು. ಅನಂತರಾಮು ಮಂಡ್ಯಕ್ಕೆ ಸ್ಥಳಾಂತರಗೊಂಡರು ಎಂದು ಮೂರು ಸಲ ಹೇಳಿದ್ದಾಯಿತು. ಆದೇಶ ನಿಜವಾಗಿಯೂ ಬಂತು, ಮಂಡ್ಯ ತಾಲ್ಲೂಕಿಗೇ ಬಂತು, ಆದರೆ ಬಸರಾಳು ಹೋಬಳಿಗೆ. ಅನಂತರಾಮು ಆದೇಶ ಹಿಡಿದು ಬಂದು, ಮಂಡ್ಯ ಪಟ್ಟಣ ಎಂದು ಬಿಡಿಸಿ ಹೇಳಬೇಕಿತ್ತು ಎಂದು ಬಹಳ ನೊಂದುಕೊಂಡರು. ನೀವು ಬಿಡಿಸಿ ಹೇಳಲಿಲ್ಲವಲ್ಲ ಸ್ವಾಮಿ ಎಂದು ಚಲುವರಾಜು ಕೈ ತೊಳೆದುಕೊಂಡ. ಆ ಹೊತ್ತಿಗೆ ಅವನ ನಡಿಗೆಯೇ ಬದಲಾಗಿತ್ತು. ತಲೆಯ ಮೇಲೆ ತುಂಬಿದ ಕೊಡ ಇದೆ, ಚೆಲ್ಲಬಾರದು ಎಂಬಂತೆ ನಡೆಯುತ್ತಿದ್ದ. ಹೆಂಡತಿ ಉಪ್ಪು ತಾ ಎಂದರೂ ಸ್ವಲ್ಪ ಯೋಚಿಸಿ ತರುತ್ತಿದ್ದ. ತಾಯಿಯ ಹೆಸರನ್ನು ಮಾತ್ರ ಅವನು ಯಾವ ವಾಕ್ಯದಲ್ಲಿಯೂ ಕೂರಿಸಿರಲಿಲ್ಲ. ನಂಬಿಕೆಯಿಲ್ಲದ ವಿಷಯದಲ್ಲಿ ಅಷ್ಟರಮಟ್ಟಿನ ಎಚ್ಚರ ಎಲ್ಲರಿಗೂ ಇರುತ್ತದೆ.

ಹೀಗಿರುವಾಗ ಒಂದು ಮಂಗಳವಾರ 'ಸಕ್ಕಂಬ್' ಎಂಬ ಪದ ಬಂತು. ಹಿಂದಿನ ದಿನ ಎರಡು ಪಾಳಿ ಕೆಲಸ ಮಾಡಿದ್ದ ಚಲುವರಾಜು ಅರೆನಿದ್ದೆಯಲ್ಲಿದ್ದ. ಅರ್ಥ ಹೇಳುವ ಹೊತ್ತಿಗೆ ಕಣ್ಣು ಮುಚ್ಚಿತ್ತು, ಉದಾಹರಣೆಯ ಹೊತ್ತಿಗೆ ತೆರೆಯಿತು. ಅದರಲ್ಲಿ ಯಾರನ್ನು ಏಳಿಸಿ ಯಾರನ್ನು ಕೂರಿಸಬೇಕೆಂದು ತೋಚದೆ, ಸರ್ ಹೇಳಿದ್ದ ಹಾಗೆಯೇ ಹೇಳಿದ. "ದಿ ಓಲ್ಡ್ ವುಮನ್ ಸಕ್ಕಂಬ್ಡ್ ಆನ್ ಫ್ರೈಡೆ." ಮಂಜಿನಲ್ಲಿ ಆ ವಾಕ್ಯ ಮೂರು ಸಲ ನಡೆದು ಹೋಯಿತು. ಮೂರನೆಯ ಸಲ ಮುಗಿಯುತ್ತಿದ್ದಂತೆ ನಲ್ಲಿಯಲ್ಲಿ ನೀರು ನಿಂತು, ಒಳಗಿನಿಂದ ಯಾರೋ ಉಸಿರು ಎಳೆದುಕೊಂಡ ಸದ್ದಾಯಿತು. ಅರ್ಪಿತಳ ಕೈಯಿಂದ ಬಿಂದಿಗೆ ಜಾರಿತು.

"ಮಾವ, ಏನಂದ್ರಿ ಗೊತ್ತಾ? ಆ ಮುದುಕಿ ಶುಕ್ರವಾರ ತೀರ್ಕೊಂಡ್ಳು ಅಂತ ಅಂದ್ರಿ."

"ಯಾವ ಮುದುಕಿ?" ಎಂದು ಕೇಳಿದ್ದು ಚಲುವರಾಜುವೇ.

ಅದೇ ಪ್ರಶ್ನೆಯನ್ನು ಆಮೇಲೆ ಇಡೀ ಬೀದಿ ಕೇಳಿತು. ಹೆಸರು ಹೇಳಿದ್ದರೆ ಉಳಿದವರಾದರೂ ನೆಮ್ಮದಿಯಾಗಿರುತ್ತಿದ್ದರು. ಬೀದಿಯಲ್ಲಿ ಆ ಮಾತಿಗೆ ಸಲ್ಲುವವರು ಮೂವರಿದ್ದರು: ಮುದ್ದಮ್ಮ, ವನಜಾಳ ಅತ್ತೆ ಮಾಯಮ್ಮ, ಅನಂತರಾಮು ಅವರ ಹೆಂಡತಿ ಪಂಕಜಮ್ಮ. ತಮ್ಮನ್ನು ಮುದುಕಿ ಎಂದು ಕರೆದವರ್ಯಾರು ಎಂದು ಪಂಕಜಮ್ಮ ಆಧಾರ್ ಕಾರ್ಡು ಹಿಡಿದು ಬೀದಿಗೆ ಬಂದರು. ಮಾಯಮ್ಮನ ಕಾರ್ಡಿನಲ್ಲಿ ಅವಳು ಸೊಸೆಗಿಂತ ಚಿಕ್ಕವಳಾಗಿದ್ದಳು. ಅದನ್ನು ಮಾಡಿಸಿದಾಗ ಆದ ತಪ್ಪನ್ನು ತಿದ್ದಿಸಬೇಕೆಂದು ವರ್ಷಗಳಿಂದ ಅಲೆಯುತ್ತಿದ್ದ ವನಜಾ, ಈಗ ತಿದ್ದಿಸುವುದು ಬೇಡವೆಂದಳು. ಸಾಲದ್ದಕ್ಕೆ ಸಂಜೆಯೊಳಗೆ ಮಾಯಮ್ಮನ ತಲೆ ಕಪ್ಪಾಗಿತ್ತು. ಪಂಕಜಮ್ಮ ಮಗಳ ಮನೆಗೆ ಮಂಡ್ಯಕ್ಕೆ ಹೊರಟು ನಿಂತವರು, ವಾಕ್ಯದ ವ್ಯಾಪ್ತಿ ಮಂಡ್ಯದವರೆಗೆ ಬರುತ್ತದೆಯೇ ಎಂದು ಗಂಡನ ಕೈಲಿ ಕೇಳಿಸಿ ಕಳಿಸಿದರು. ಮೊನ್ನೆಯ ಆದೇಶ ಬಸರಾಳಿನವರೆಗೂ ಹೋಗಿತ್ತಲ್ಲ ಎಂದಷ್ಟೇ ಚಲುವರಾಜು ಹೇಳಿದ.

ಲಿಂಗಯ್ಯ ಪೂಜಾರಿಯನ್ನು ಕರೆತಂದ. ಪೂಜಾರಿ ಎಲ್ಲವನ್ನೂ ಕೇಳಿಸಿಕೊಂಡು, ನಿಂಬೆಹಣ್ಣನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. "ಕನ್ನಡ್ದಾಗೆ ಮಾಡಿದ್ರೆ ತಡೆ ಒಡೀತಿದ್ದೆ. ತೆಲುಗಾದ್ರೂ ನೋಡ್ಬೋದಿತ್ತು. ಇದು ನನ್ ಕೈಲಾಗ್ದು."

ಇಷ್ಟೆಲ್ಲ ನಡೆಯುತ್ತಿದ್ದಾಗ ಮುದ್ದಮ್ಮ ಜಗಲಿಯ ಮೇಲೆ ಅಡಕೆ ಕತ್ತರಿಸುತ್ತಿದ್ದಳು. ಬುಧವಾರ ಬೆಳಿಗ್ಗೆ ರೂಪ ಮುಂದಿಟ್ಟ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಹಬ್ಬಕ್ಕೆ ತೆಗೆಸಿದ್ದ ಹೊಸ ಸೀರೆ ಉಟ್ಟು, ಕಿವಿಯ ಓಲೆ ಬಿಚ್ಚಿ ಸೊಸೆಯ ಕೈಗಿಟ್ಟು, ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಾರ್ಖಾನೆಗೆ ಹೊರಟಿದ್ದ ಚಲುವರಾಜು ಚಪ್ಪಲಿ ಬಿಟ್ಟು ಒಳಗೆ ಬಂದ. ಅದು ಯಾರೋ ಎಲ್ಲೋ ಕೂತು ಹೇಳಿದ ಉದಾಹರಣೆ ಕಣವ್ವ, ಅದರಲ್ಲಿರುವ ಮುದುಕಿ ಲೋಕದಲ್ಲಿ ಎಲ್ಲೂ ಇಲ್ಲ ಎಂದು ಬಗೆಬಗೆಯಾಗಿ ಹೇಳಿದ.

"ಅವ ಎಲ್ಲಾದ್ರೂ ಕೂತಿರ್ಲಿ. ಕರ್ದಿದ್ದು ನಿನ್ ಬಾಯಿ," ಎಂದಳು ಮುದ್ದಮ್ಮ, ಗೋಡೆಗೆ. "ಒಂದ್ ಸಲ ಆಗಿದ್ರೆ ಸುಮ್ಕಿರ್ತಿದ್ದೆ ಕಣ್ಲಾ. ಮೂರ್ ಸಲಕ್ಕೂ ನಾನು ಓಗೊಡ್ದಿದ್ರೆ ಅದು ಇನ್ಯಾರ ಬಾಗ್ಲು ತಟ್ಟಾದು? ಮಾಯಮ್ಮಂಗೆ ಮೊಮ್ಮಗಳ ಮದ್ವೆ ನೋಡೋ ಆಸೆ ಅದೆ. ನಂಗೇನ್ ಬಾಕಿ ಅದೆ ಯೋಳು."

ಅಲ್ಲಿಂದಾಚೆಗೆ ಅವಳು ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ. ಗುರುವಾರ ಡಾಕ್ಟರು ಬಂದು ಕೈ ಹಿಡಿದು ನೋಡಿದರು. ಹೊಸ ಕಾಯಿಲೆ ಏನೂ ಇಲ್ಲ, ಆದರೆ ಈ ವಯಸ್ಸಿನಲ್ಲಿ ಸಕ್ಕರೆ ಮಾತ್ರೆ ನುಂಗುವವರು ಹೀಗೆ ಹೊಟ್ಟೆ ಕಟ್ಟಿದರೆ ನಾಳೆಗೆ ಏನಾಗುತ್ತದೆಂದು ಹೇಳಲಾಗದು ಎಂದರು. ಮುದ್ದಮ್ಮ ನಾಳೆ ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡು, ಡಾಕ್ಟರಿಗೂ ಗೊತ್ತಿದೆ ನೋಡು ಎಂಬಂತೆ ಸೊಸೆಯ ಕಡೆ ನೋಡಿದಳು. ಆಸ್ಪತ್ರೆಗೆ ಎತ್ತಿಕೊಂಡು ಹೋಗಲು ಬಂದವರಿಗೆ, ಮುಟ್ಟಿದರೆ ದಾರಿಯಲ್ಲೇ ಪ್ರಾಣ ಬಿಡುತ್ತೇನೆ ಎಂದಳು.

ಚಲುವರಾಜು ಸರ್ ಅವರಿಗೆ ಸಂದೇಶದ ಮೇಲೆ ಸಂದೇಶ ಕಳಿಸಿದ. ಸಕ್ಕಂಬ್ ಎಂಬುದರ ವಿರುದ್ಧ ಪದ ಯಾವುದು ಸಾರ್, ದಯವಿಟ್ಟು ಬೇಗ ತಿಳಿಸಿ. ಉತ್ತರ ಬರಲಿಲ್ಲ. ಖಾಲಿ ಕುರ್ಚಿ ಖಾಲಿಯಾಗಿಯೇ ಇತ್ತು. ಅರ್ಪಿತಳಿಗೂ ಅಂಥ ಪದ ತೋಚಲಿಲ್ಲ. ಕೊನೆಗೆ, ಇಂಗ್ಲಿಷಿನ ಮನುಷ್ಯನೆಂದು ತನಗೆ ಗೊತ್ತಿದ್ದ ಒಬ್ಬನೇ ಒಬ್ಬನಾದ ನಾಗರಾಜುವಿಗೆ ಫೋನು ಮಾಡಿದ. ನಾಗರಾಜು ಮಳವಳ್ಳಿಯಿಂದ ಬ್ರೆಡ್ಡು, ದ್ರಾಕ್ಷಿ ಹಿಡಿದು ಬಂದ. ಸಾಯದಂಥ ಒಂದು ಪದ ಹೇಳಿ ಎಂದು ಬೀದಿಯವರೆಲ್ಲ ಸುತ್ತ ನಿಂತರು. ನಾಗರಾಜು ಬಹಳ ಹೊತ್ತು ಕಣ್ಣು ಮುಚ್ಚಿ, ಚಾಪೆಯ ಹತ್ತಿರ ಬಗ್ಗಿ, "ಮುದ್ದಮ್ಮ ಈಸ್ ಮ್ಯಾಗ್ನಾನಿಮಸ್" ಎಂದ. ಮುದ್ದಮ್ಮ ಕಣ್ಣು ಬಿಡಲಿಲ್ಲ. ಅವನಿಗೆ ಗೊತ್ತಿದ್ದ ದೊಡ್ಡ ಪದ ಅದೊಂದೇ ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಅದಕ್ಕೆ ದೊಡ್ಡ ಮನಸ್ಸಿನವರು ಎಂದು ಅರ್ಥ; ಆದರೆ ಅದನ್ನು ಕೇಳಬೇಕೆಂದು ಚಲುವರಾಜುವಿಗೂ ಆಗ ಹೊಳೆಯಲಿಲ್ಲ.

ಶುಕ್ರವಾರ ಬಂತು. ಬೀದಿಯ ಗಂಡಸರು ಯಾರೂ ಕೆಲಸಕ್ಕೆ ಹೋಗಲಿಲ್ಲ. ಸಹಾಯಕ್ಕಿರಲಿ ಎಂದು ಬಂದೆವು ಎಂದು ಹೇಳುತ್ತ ಜಗಲಿಯ ಮೇಲೆ ಸಾಲಾಗಿ ಕೂತರು. ಲಿಂಗಯ್ಯ ಸೌದೆಯ ಡಿಪೋದವನ ನಂಬರು ತನ್ನ ಬಳಿ ಇದೆಯೆಂದು ಯಾರೂ ಕೇಳದೆಯೇ ಹೇಳಿದ. ಮಾಯಮ್ಮ ಕಪ್ಪು ತಲೆಯೊಂದಿಗೆ ಬಂದು ಗೆಳತಿಯ ಕಾಲ ಹತ್ತಿರ ಕೂತಿದ್ದಳು. ಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದು ಒಳಗೆ ಬರಲು ಒಪ್ಪದೆ ನಿಂತಂತಿತ್ತು. ಕಾಗೆಯ ಸದ್ದಿಲ್ಲ. ಮುದ್ದಮ್ಮನ ಉಸಿರು ಒಂದು ಸಲ ಬಂದು, ಮತ್ತೊಂದು ಬರುವವರೆಗೂ ಎಲ್ಲರೂ ತಮ್ಮದನ್ನು ಹಿಡಿದು ಕೂರುತ್ತಿದ್ದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕೈ ಮುಟ್ಟಿ ನೋಡಿದ ರೂಪ, ತಣ್ಣಗಾಗುತ್ತಿದೆ ಎಂದು ಗಂಡನಿಗೆ ಕಣ್ಣಿನಲ್ಲೇ ಹೇಳಿದಳು.

ಚಲುವರಾಜು ಎದ್ದು ನಿಂತ. ಸರ್ ಕಲಿಸಿದ ಯಾವ ಪದವೂ ನೆನಪಿಗೆ ಬರಲಿಲ್ಲ. ಬಂದವೆಲ್ಲ ಸರ್ಕಾರಿ ಶಾಲೆಯಲ್ಲಿ ಬೆತ್ತದ ಮುಂದೆ ಕಲಿತ ಚಿಕ್ಕ ಚಿಕ್ಕ ಪದಗಳು. ಬಾಗಿಲಿಗೆ ಬಂದು, ಹೊರಗಿನವರು ಕರೆಯುವಂತೆ ಹೊಸಿಲಾಚೆ ನಿಂತು, ಒಳಕ್ಕೆ ಮುಖ ಮಾಡಿ, ಅವನು ತನ್ನ ಜೀವನದಲ್ಲಿ ಮೊದಲ ಬಾರಿಗೆ ಯಾರ ಉದಾಹರಣೆಯೂ ಇಲ್ಲದ ಒಂದು ವಾಕ್ಯವನ್ನು ತಾನೇ ಕಟ್ಟಿ ಹೇಳಿದ. ಒಂದು ಸಲ. ಜಗಲಿಯವರು ತಿರುಗಿ ನೋಡಿದರು. ಎರಡು ಸಲ. ಮುದ್ದಮ್ಮನ ರೆಪ್ಪೆ ಅಲುಗಿತು. ಮೂರನೆಯ ಸಲ ಹೇಳಿದಾಗ ಅವಳು ಗೋಡೆಯಿಂದ ಮುಖ ತಿರುಗಿಸಿದಳು.

"ಏನಂತ್ಯೇ ಅದು?" ಮುದ್ದಮ್ಮ ಕೇಳಿದ್ದು ಅರ್ಪಿತಳನ್ನು. ಮಗನ ಮೇಲೆ ಅವಳಿಗೆ ಆ ವಿಷಯದಲ್ಲಿ ನಂಬಿಕೆ ಹೋಗಿತ್ತು.

"ಮುದ್ದಮ್ಮ ಇವತ್ತು ಮುದ್ದೆ ಉಣ್ತಾಳೆ, ಅಂತ ಅಜ್ಜಿ."

"ನನ್ ಹೆಸ್ರು ಹಿಡ್ದೇ ಅಂದ್ನಾ?"

"ಹೆಸರು ಹಿಡಿದೇ ಅಂದ್ರು. ಮೂರು ಸಲ."

ಮುದ್ದಮ್ಮ ಸೂರು ನೋಡುತ್ತ ಎರಡೂ ಕರೆಗಳನ್ನು ಮನಸ್ಸಿನಲ್ಲೇ ತೂಗಿದಳು. ಒಂದು ಯಾವುದೋ ಮುದುಕಿಯನ್ನು ಕರೆದದ್ದು, ಇನ್ನೊಂದು ತನ್ನನ್ನೇ ಕರೆದದ್ದು. ಮೊಣಕೈ ಊರಿ ನಿಧಾನವಾಗಿ ಎದ್ದು ಕೂತಳು.

"ಸಾರೇನ್ ಮಾಡಿದ್ದೀಯೆ ರೂಪ?"

ಸಾರು ಮಾಡಿರಲಿಲ್ಲ. ಒಲೆಯೇ ಹಚ್ಚಿರಲಿಲ್ಲ. ಮಾಯಮ್ಮನ ಮನೆಯಿಂದ ಬಸ್ಸಾರು ಬಂತು, ಲಿಂಗಯ್ಯನ ಮನೆಯಿಂದ ಬಿಸಿ ಮುದ್ದೆ ಬಂತು. ಡಾಕ್ಟರು ಹೇಳಿದ್ದಂತೆ ಮೊದಲು ಗಂಜಿ ಕುಡಿ ಎಂದರೆ ಮುದ್ದಮ್ಮ ಒಪ್ಪಲಿಲ್ಲ. ಹೇಳಿದ ವಾಕ್ಯದಲ್ಲಿ ಗಂಜಿ ಇರಲಿಲ್ಲ. ಜಗಲಿಯವರು ಅವಳು ನುಂಗುವ ಒಂದೊಂದು ತುತ್ತನ್ನೂ ನೋಡಿ, ಸಂಜೆಯವರೆಗೆ ಕಾದು, ಸಂತೋಷವೂ ಸ್ವಲ್ಪ ಬೇಸರವೂ ಬೆರೆತ ಮುಖಗಳಲ್ಲಿ ಮನೆಗೆ ಹೋದರು. ಮಂಡ್ಯದಿಂದ ಪಂಕಜಮ್ಮ ತಾವು ಚೆನ್ನಾಗಿರುವುದಾಗಿ ಫೋನು ಮಾಡಿದರು. ಶುಕ್ರವಾರ ಮುಗಿಯಿತು. ಬೀದಿಯಲ್ಲಿ ಯಾವ ಮುದುಕಿಯೂ ಸಾಯಲಿಲ್ಲ.

ಶನಿವಾರ ಸರ್ ಅವರ ಪಾಠ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಸೋಮವಾರ ಬೆಳಿಗ್ಗೆ, ಮುದ್ದಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ, ಒಂದು ಬರಹ ಬಂತು. ಎಲ್ಲ ಇಂಗ್ಲಿಷಿನಲ್ಲಿತ್ತು. ಅರ್ಥ ವಿವರಣೆ ಇರಲಿಲ್ಲ. ಚಲುವರಾಜು ಓದಿದ. ಒಂದು ಪದಕ್ಕೂ ಅರ್ಪಿತಳನ್ನು ಕರೆಯಬೇಕಾಗಲಿಲ್ಲ ಎಂಬುದು ಅವನಿಗೆ ಓದಿ ಮುಗಿದ ಮೇಲೆ ಹೊಳೆಯಿತು. ಬಹುದಿನಗಳಿಂದ ಹಾಸಿಗೆ ಹಿಡಿದಿದ್ದ ತಮ್ಮ ತಾಯಿ ಶುಕ್ರವಾರ ತೀರಿಕೊಂಡಿದ್ದಾರೆ, ಕೆಲವು ದಿನ ಪಾಠ ಇರುವುದಿಲ್ಲ, ಕ್ಷಮಿಸಿ ಎಂದು ಸರ್ ಬರೆದಿದ್ದರು. ಅದರ ಕೆಳಗೆ ಗುಂಪಿನವರೆಲ್ಲ ತಾವು ಕಲಿತ ಪದಗಳನ್ನು ಬಳಸಿ ಸಾಂತ್ವನ ಹೇಳಿದ್ದರು. ನಿಮ್ಮ ತಾಯಿ ಕಣ್ಮರೆಯಾದದ್ದು ಸಂತೋಷ, ಧೈರ್ಯವಾಗಿರಿ ಎಂದು ಒಬ್ಬ. ನಿಮ್ಮ ತಾಯಿಯವರು ಯಶಸ್ವಿಯಾಗಿ ಸ್ಥಳಾಂತರಗೊಳ್ಳಲಿ ಎಂದು ಇನ್ನೊಬ್ಬ.

"ಏನಂತ್ಲಾ?" ಎಂದಳು ಮುದ್ದಮ್ಮ.

ಮುಚ್ಚಿಡಬೇಕೆಂದುಕೊಂಡವನು ಅವಳ ಮುಖ ನೋಡಿ ಹೇಳಿಬಿಟ್ಟ. ಮುದ್ದಮ್ಮನ ಕೈಯಲ್ಲಿ ಸುಣ್ಣ ಸವರಿದ ಎಲೆ ಹಾಗೇ ನಿಂತಿತು. ಬಹಳ ಹೊತ್ತು ಅವಳು ಬೀದಿಯ ಕಡೆ ನೋಡಿದಳು. ತಾನು ಬಿಟ್ಟುಕೊಟ್ಟ ಜಾಗದಲ್ಲಿ ಯಾರೋ ಹೋಗಿ ಕೂತದ್ದು ಅಲ್ಲಿ ಕಾಣುತ್ತಿದೆಯೋ ಎಂಬಂತೆ.

"ಸಾವಿನ್ ಮನೆ. ಉಂಡಿರಾಕಿಲ್ಲ ಅವ," ಎಂದಳು ಕೊನೆಗೆ. "ಉಣ್ಣಾಕ್ ಯೋಳು."

ಚಲುವರಾಜು ದೊಡ್ಡ ಪದಗಳನ್ನು ಒಂದೊಂದಾಗಿ ಹಾಕಿ, ಒಂದೊಂದಾಗಿ ಅಳಿಸಿದ. ಕೊನೆಗೆ ಉಳಿದದ್ದು, ಊಟ ಮಾಡಿ ಸಾರ್ ಎಂಬಷ್ಟೇ ಅರ್ಥದ ಇಂಗ್ಲಿಷು. ಅದನ್ನು ಗುಂಪಿಗಲ್ಲ, ಅವರೊಬ್ಬರಿಗೇ ಕಳಿಸಿದ. ಕುರ್ಚಿಯ ಚಿತ್ರದ ಕೆಳಗೆ ಸರ್ ಬರೆಯುತ್ತಿದ್ದಾರೆ ಎಂಬ ಗುರುತು ಮೂಡಿತು, ಆರಿತು, ಮತ್ತೆ ಮೂಡಿತು. ಉತ್ತರ ಬಂತು. ಎರಡೇ ವಾಕ್ಯ, ಒಂದನೆಯ ಕ್ಲಾಸಿನ ಮಗುವಿಗೂ ತಿಳಿಯುವಂಥವು.

ನಾನು ಉಂಡೆ. ಮುದ್ದಮ್ಮನವರು ಉಂಡರೇ?

ಚಲುವರಾಜು ತಾಯಿಯ ಹೆಸರನ್ನು ಗುಂಪಿನಲ್ಲಾಗಲಿ ಸರ್ ಅವರಿಗಾಗಲಿ ಎಂದೂ ಬರೆದಿರಲಿಲ್ಲ. ತನಗೊಬ್ಬ ತಾಯಿಯಿದ್ದಾಳೆಂದೂ ಬರೆದಿರಲಿಲ್ಲ. ಫೋನನ್ನು ಮಗುಚಿ ಜಗಲಿಯ ಮೇಲಿಟ್ಟು, ಅದರಿಂದ ಒಂದು ಮೊಳ ಹಿಂದಕ್ಕೆ ಸರಿದು ಕೂತ.

"ಏನಂದ?" ಎಂದಳು ಮುದ್ದಮ್ಮ.

"ನೀನು ಉಂಡ್ಯಾ ಅಂತ ಕೇಳ್ತಾವ್ರೆ."

ಮುದ್ದಮ್ಮ ಎಲೆಯನ್ನು ಮಡಿಸಿ ದವಡೆಗೆ ಇಟ್ಟುಕೊಂಡಳು.

"ಉಂಡೆ ಅಂತ ಯೋಳ್ಲಾ," ಎಂದಳು. "ಕಾಯ್ತಾ ಕುಂತಿರ್ತಾನೆ."